ಬ್ರಾಯ್ಲರ್ ಕೋಳಿ ಮತ್ತು ಹಸಿರುಮನೆ ಅನಿಲ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಬ್ರಾಯ್ಲರ್ ಸಾಕುವ ರೈತರಿಗೆ ಅಂತಲೇ ಈ ಪುಟ. ಹಸಿರುಮನೆ ಅನಿಲ ಅಂದರೆ ಭೂಮಿಯ ಬಿಸಿ ಏರಿಸುವ ಕಾರ್ಬನ್ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್‌ನಂಥವು. ಕೋಳಿ ಸಾಕಣೆಯಲ್ಲಿ ಅವನ್ನು ಕಡಿಮೆ ಮಾಡುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ನಿಮ್ಮಲ್ಲಿ ಹೆಚ್ಚಿನವರು ಕಂಪನಿ ಜೊತೆ ಒಪ್ಪಂದದ ಮೇಲೆ ಸಾಕುತ್ತೀರಿ. ಮರಿ, ಫೀಡ್, ಔಷಧಿ ಕಂಪನಿಯದ್ದು. ಶೆಡ್, ಕರೆಂಟು, ನೆಲಕ್ಕೆ ಹಾಸುವ ಭತ್ತದ ಹೊಟ್ಟು, ದುಡಿಮೆ ನಿಮ್ಮದು. ಯಾವ ಕೆಲಸ ನಿಮ್ಮ ಕೈಯಲ್ಲಿದೆ, ಯಾವುದು ಇಲ್ಲ ಅನ್ನುವುದನ್ನು ನೆನಪಿಟ್ಟುಕೊಂಡೇ ಇಲ್ಲಿನ ಉತ್ತರಗಳನ್ನು ಬರೆದಿದೆ.

ಹಸುವಿನ ಹಾಗೆ ಕೋಳಿಯೂ ಮೀಥೇನ್ ಬಿಡುತ್ತದಾ?

ಇಲ್ಲ ಅಂದರೂ ನಡೆಯುತ್ತದೆ. ಹಸು, ಎಮ್ಮೆ, ಕುರಿ ಮೆಲುಕು ಹಾಕುವ ಪ್ರಾಣಿಗಳು. ಅವುಗಳ ಹೊಟ್ಟೆಯಲ್ಲಿ ಮೇವು ಹುಳಿತು ಮೀಥೇನ್ ಹುಟ್ಟುತ್ತದೆ. ಕೋಳಿಗೆ ಅಂಥ ಹೊಟ್ಟೆಯೇ ಇಲ್ಲ. ಅದರ ಕರುಳಿನಿಂದ ಬರುವ ಮೀಥೇನ್ ಲೆಕ್ಕಕ್ಕೆ ಹಿಡಿಯುವಷ್ಟೂ ಇರುವುದಿಲ್ಲ.

ಹಾಗಾದರೆ ಅನಿಲ ಬರುವುದು ಎಲ್ಲಿಂದ?

ಮುಖ್ಯವಾಗಿ ಫೀಡ್‌ನಿಂದ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಇಡೀ ಜಗತ್ತಿನ ಕೋಳಿ ಸಾಕಣೆಯ ಲೆಕ್ಕ ಹಾಕಿತ್ತು. ಅದರ ಪ್ರಕಾರ ಬ್ರಾಯ್ಲರ್ ಮಾಂಸದಿಂದ ಬರುವ ಒಟ್ಟು ಅನಿಲದಲ್ಲಿ ಸುಮಾರು 78% ಫೀಡ್ ಬೆಳೆಯುವುದು, ಅರೆಯುವುದು, ಸಾಗಿಸುವುದರಿಂದಲೇ ಬರುತ್ತದೆ. ಫಾರಂನಲ್ಲಿ ಉರಿಸುವ ಇಂಧನ ಮತ್ತು ಕರೆಂಟಿನ ಪಾಲು ಸುಮಾರು 8%. ಕಡಿಯುವುದು, ತಣ್ಣಗಿಡುವುದು, ಸಾಗಾಟ ಸೇರಿ 7%. ಗೊಬ್ಬರದ ಪಾಲು 6%.

ನಿಮ್ಮ ಶೆಡ್‌ನಲ್ಲಿ ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ಫೀಡ್ ಮೊದಲ ಸ್ಥಾನದಲ್ಲಿ, ಅದೂ ಬಹಳ ದೂರ ಮುಂದೆ ಇರುತ್ತದೆ ಅನ್ನುವುದು ಎಲ್ಲ ಕಡೆಯೂ ನಿಜ. ಸೋಲಾರ್ ಹಾಕಿಸಿ, ಮರ ನೆಡಿ ಅಂತ ಬಂದು ಹೇಳುವವರು ಬಹಳ ಜನ. ಅದು ತಪ್ಪಲ್ಲ. ಆದರೆ ಫೀಡ್ ಬಗ್ಗೆ ಮಾತಾಡದೆ ಬರೀ ಸೋಲಾರ್ ಬಗ್ಗೆ ಮಾತಾಡಿದರೆ ದೊಡ್ಡ ಪಾಲು ಹಾಗೇ ಉಳಿಯುತ್ತದೆ.

ಮೆಕ್ಕೆಜೋಳದ ಹೊಲದಲ್ಲಿ ಅಂಥದ್ದೇನಿದೆ?

ಫೀಡ್‌ನಲ್ಲಿ ಹೆಚ್ಚಿನದು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಮೆಕ್ಕೆಜೋಳದ ಹೊಲದಲ್ಲಿ ಯೂರಿಯಾ ಇದೆ. ಹೊಲಕ್ಕೆ ಹಾಕಿದ ಸಾರಜನಕವನ್ನೆಲ್ಲ ಬೆಳೆ ತೆಗೆದುಕೊಳ್ಳುವುದಿಲ್ಲ. ಉಳಿದದ್ದರಲ್ಲಿ ಒಂದು ಚೂರು ಮಣ್ಣಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಈ ಅನಿಲ ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಬಿಸಿ ಹಿಡಿಯುತ್ತದೆ.

ಒಂದು ಮೂಟೆ ಹಿಡಿದು ಲೆಕ್ಕ ಹಾಕೋಣ. 45 ಕೆ.ಜಿ. ಯೂರಿಯಾದಲ್ಲಿ ಸಾರಜನಕ 46%, ಅಂದರೆ ಸುಮಾರು 20.7 ಕೆ.ಜಿ. ಅದರಲ್ಲಿ 1% ನೈಟ್ರಸ್ ಆಕ್ಸೈಡ್ ಆಗುತ್ತದೆ ಅನ್ನುವುದು ಅಂತರರಾಷ್ಟ್ರೀಯ ಲೆಕ್ಕದಲ್ಲಿ ರೂಢಿ. ಹಾಗೆ ಹುಟ್ಟುವ ಅನಿಲ ಬರೀ 325 ಗ್ರಾಂ. ಕಡಿಮೆ ಅನ್ನಿಸುತ್ತೆ, ಅಲ್ವಾ? ಆದರೆ 273ರಿಂದ ಗುಣಿಸಿದರೆ ಸುಮಾರು 89 ಕೆ.ಜಿ. ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಯೂರಿಯಾ ತಯಾರಿಸಲು ಕಾರ್ಖಾನೆಯಲ್ಲಿ ಉರಿದ ಗ್ಯಾಸ್ ಇದರಲ್ಲಿ ಸೇರಿಲ್ಲ. ದಾವಣಗೆರೆ, ಹಾವೇರಿ ಕಡೆ ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 100 ಕೆ.ಜಿ. ಸಾರಜನಕ ಅಂತ ಶಿಫಾರಸು ಇದೆ. ನೀರಾವರಿಗೆ 150. ಅದಕ್ಕಿಂತ ಜಾಸ್ತಿ ಹಾಕುವವರೂ ಇದ್ದಾರೆ.

ಸೋಯಾಬೀನ್ ಕಥೆ ಬೇರೆ. ಅದು ಗಾಳಿಯಿಂದಲೇ ಸಾರಜನಕ ಹಿಡಿಯುವ ಬೆಳೆ, ಯೂರಿಯಾ ಅಷ್ಟಾಗಿ ಬೇಡ. ಯುರೋಪಿನ ಕೋಳಿಗೆ ಸೋಯಾ ದೊಡ್ಡ ತಲೆನೋವಾಗಿರುವುದು ಬ್ರೆಜಿಲ್ ಕಡೆ ಕಾಡು ಕಡಿದು ಅದನ್ನು ಬೆಳೆದದ್ದರಿಂದ. ನಮ್ಮ ಕೋಳಿ ತಿನ್ನುವ ಸೋಯಾ ಹಿಂಡಿ ಹೆಚ್ಚಾಗಿ ಮಧ್ಯಪ್ರದೇಶ, ಮಹಾರಾಷ್ಟ್ರದ್ದು. ಸ್ವಲ್ಪ ಬೀದರ್, ಬೆಳಗಾವಿ, ಧಾರವಾಡ ಕಡೆಯದ್ದು. ಹಳೇ ಹೊಲಗಳಲ್ಲೇ ಬೆಳೆದದ್ದು. 2021ರಲ್ಲಿ ಹಿಂಡಿ ಬೆಲೆ ಗಗನಕ್ಕೇರಿದಾಗ ಸರ್ಕಾರ 12 ಲಕ್ಷ ಟನ್ ಸೋಯಾ ಹಿಂಡಿ ತರಿಸಿಕೊಳ್ಳಲು ಬಿಟ್ಟಿತು. ಆಮದು ಹಿಂಡಿಯ ದಾರಿ ಹಿಡಿದರೆ, ಅದು ಯಾವ ನೆಲದಲ್ಲಿ ಬೆಳೆದದ್ದು ಅನ್ನುವ ಪ್ರಶ್ನೆ ನಮ್ಮ ಬಾಗಿಲಿಗೂ ಬರುತ್ತದೆ.

ಕುರಿ, ದನದ ಮಾಂಸಕ್ಕಿಂತ ಕೋಳಿ ಎಷ್ಟೋ ವಾಸಿ ಅಂತಾರೆ. ಮತ್ತೆ ನಮಗ್ಯಾಕೆ ಈ ತಲೆಬಿಸಿ?

ವಾಸಿ ಅನ್ನುವುದು ನಿಜ. ಅದೇ 2013ರ ಲೆಕ್ಕದಲ್ಲಿ ಒಂದು ಕೆ.ಜಿ. ಕೋಳಿ ಮಾಂಸಕ್ಕೆ ಜಗತ್ತಿನ ಸರಾಸರಿ 5.4 ಕೆ.ಜಿ. ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಆಡು, ಕುರಿ ಮಾಂಸಕ್ಕೆ ಸುಮಾರು 24, ದನದ ಮಾಂಸಕ್ಕೆ 46.

ಆದರೆ ಕೋಳಿಯ ಪ್ರಮಾಣ ನೋಡಿ. 2022-23ರಲ್ಲಿ ದೇಶದಲ್ಲಿ ತಯಾರಾದ ಮಾಂಸ ಸುಮಾರು 97.7 ಲಕ್ಷ ಟನ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೋಳಿಯದ್ದೇ. ಕೆ.ಜಿ. ಲೆಕ್ಕದಲ್ಲಿ ಕಡಿಮೆಯಾದರೂ ಒಟ್ಟು ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಇನ್ನೂ ಒಂದು ಮಾತು. ಇಲ್ಲಿ ಹೇಳುವ ಹೆಚ್ಚಿನ ಕೆಲಸಗಳಿಂದ ನಿಮ್ಮ ಖರ್ಚೂ ಇಳಿಯುತ್ತದೆ. ಹವಾಮಾನದ ಗೊಡವೆ ಬೇಡ ಅನ್ನುವವರಿಗೂ ಇದು ಲಾಭದ ಕೆಲಸವೇ.

ಫೀಡ್ ಕಂಪನಿ ಕಳಿಸುತ್ತೆ. ನಾನು ಅದರಲ್ಲಿ ಏನು ಮಾಡಲಿಕ್ಕಾಗುತ್ತೆ?

ಫೀಡ್‌ನಲ್ಲಿ ಏನಿದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಎಷ್ಟು ಪೋಲಾಗುತ್ತದೆ ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ಅದನ್ನು ಅಳೆಯುವ ಎಫ್‌ಸಿಆರ್, ಅಂದರೆ ಕೋಳಿ ಒಂದು ಕೆ.ಜಿ. ತೂಕ ಬರಲು ಎಷ್ಟು ಕೆ.ಜಿ. ಫೀಡ್ ಹಿಡಿಯಿತು ಅನ್ನುವ ಲೆಕ್ಕ, ನಿಮಗೆ ಹೊಸದಲ್ಲ. ಸಾಕಿದ್ದಕ್ಕೆ ಕಂಪನಿ ಕೊಡುವ ಗ್ರೋಯಿಂಗ್ ಚಾರ್ಜ್ ಏರುವುದು ಇಳಿಯುವುದು ಅದರ ಮೇಲೇ.

10,000 ಕೋಳಿಯ ಶೆಡ್, ಒಂದೊಂದು 2 ಕೆ.ಜಿ. ತೂಕಕ್ಕೆ ಲಿಫ್ಟಿಂಗ್ (ಕಂಪನಿ ಕೋಳಿ ಒಯ್ಯುವುದು) ಅಂತ ಇಟ್ಟುಕೊಳ್ಳಿ. ಎಫ್‌ಸಿಆರ್ 1.7 ಬಂದರೆ 34 ಟನ್ ಫೀಡ್. 1.6ಕ್ಕೆ ಇಳಿಸಿದರೆ 32 ಟನ್. ಉಳಿದದ್ದು 2 ಟನ್, ಅಂದರೆ 50 ಕೆ.ಜಿ.ಯ 40 ಚೀಲ. ಫೀಡ್ ಸುಮಾರು 6% ಇಳಿಯಿತು. ಒಟ್ಟು ಅನಿಲದಲ್ಲಿ ಫೀಡ್‌ನ ಪಾಲು 78% ಅಂತ ಹಿಡಿದರೆ ಇದೊಂದರಿಂದಲೇ ಒಟ್ಟು ಸುಮಾರು 4.6% ಕಡಿಮೆಯಾಯಿತು. ಶೆಡ್‌ನ ಕರೆಂಟು, ಇಂಧನವನ್ನೆಲ್ಲ ಅರ್ಧಕ್ಕೆ ಇಳಿಸಿದರೂ ಸಿಗುವುದು ಸುಮಾರು 4% ಅಷ್ಟೇ.

ಎಲ್ಲಿ ಪೋಲಾಗುತ್ತದೆ ಅಂತ ನೋಡಬೇಕಾದರೆ ಫೀಡರ್ ಕೆಳಗೆ ಕುಕ್ಕರಗಾಲಲ್ಲಿ ಕೂತು ಹೊಟ್ಟನ್ನು ಕೈಯಲ್ಲಿ ಸರಿಸಿ. ಕಾಳು ಕಾಳಾಗಿ ಫೀಡ್ ಕಂಡರೆ ಫೀಡರ್ ಎತ್ತರ ಕಡಿಮೆ ಇದೆ, ಇಲ್ಲಾ ತುಂಬಾ ತುಂಬಿಸುತ್ತಿದ್ದೀರಿ. ಫೀಡರ್‌ನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಇರಬೇಕು. ಕೋಳಿ ವಾರ ವಾರ ಬೆಳೆಯುತ್ತದೆ, ಫೀಡರ್‌ನೂ ಎತ್ತುತ್ತಲೇ ಇರಬೇಕು. ಬಹಳ ಶೆಡ್‌ಗಳಲ್ಲಿ ತಪ್ಪುವುದು ಇದೇ, ಯಾಕೆಂದರೆ ಹಗ್ಗ ಬಿಚ್ಚಿ ಕಟ್ಟುವುದು ಬೇಸರದ ಕೆಲಸ.

ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬೇಡಿ. ಕೆಳಗೆ ಹಲಗೆ ಹಾಕಿ. ತೇವಕ್ಕೆ ಬೂಷ್ಟು ಹಿಡಿದ ಫೀಡ್ ತಿಂದ ಕೋಳಿ ಬೆಳೆಯುವುದಿಲ್ಲ, ಕಾಯಿಲೆ ಬೀಳುತ್ತದೆ. ಮೆಕ್ಕೆಜೋಳದ ಮಟ್ಟದಲ್ಲೂ ಇದೇ ತೊಂದರೆ. ಕೊಯ್ಲಿನ ಹೊತ್ತಿಗೆ ಮಳೆ ಬಂದು, ರಸ್ತೆ ಮೇಲೆ ಹರವಿದ ಕಾಳು ಸರಿಯಾಗಿ ಒಣಗದಿದ್ದರೆ ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷ ಬರುತ್ತದೆ. ಕೋಳಿ ಸಾಕುವ ತಾಲ್ಲೂಕುಗಳಲ್ಲಿ ಒಳ್ಳೆಯ ಒಣಗಿಸುವ ಕಣ, ಡ್ರೈಯರ್ ಕಟ್ಟಿಸುವುದೂ ಹವಾಮಾನದ ಕೆಲಸವೇ ಅಂತ ನಾನು ಹೇಳುತ್ತೇನೆ. ಯಾರೂ ಅದನ್ನು ಹಾಗೆ ನೋಡುತ್ತಿಲ್ಲ.

ಫೀಡ್‌ನಲ್ಲಿ ಪ್ರೋಟೀನ್ ಕಡಿಮೆ ಮಾಡಬಹುದು ಅಂತ ಓದಿದೆ. ಕೋಳಿ ಸೊರಗುವುದಿಲ್ವಾ?

ಸುಮ್ನೆ ಹಿಂಡಿ ಕಡಿಮೆ ಮಾಡಿದರೆ ಖಂಡಿತ ಸೊರಗುತ್ತದೆ. ಕೋಳಿಗೆ ಬೇಕಾದದ್ದು ಪ್ರೋಟೀನ್ ಅನ್ನುವುದಕ್ಕಿಂತ ಅದರೊಳಗಿನ ಅಮೈನೋ ಆಮ್ಲಗಳು. ಮೆಥಿಯೋನಿನ್, ಲೈಸಿನ್, ಥ್ರಿಯೋನಿನ್ ಇವು ಮೊದಲು ಕೊರತೆ ಬೀಳುತ್ತವೆ. ಆ ಕೊರತೆ ತುಂಬಲು ಬರೀ ಹಿಂಡಿ ಸುರಿದರೆ ಮಿಕ್ಕ ಅಮೈನೋ ಆಮ್ಲಗಳು ಜಾಸ್ತಿಯಾಗಿ ಹಿಕ್ಕೆಯಲ್ಲಿ ಸಾರಜನಕವಾಗಿ ಹೊರಗೆ ಬರುತ್ತವೆ. ಬದಲಿಗೆ ಬೇಕಾದ ಅಮೈನೋ ಆಮ್ಲಗಳನ್ನೇ ಅಳೆದು ಬೆರೆಸಿ, ಹಿಂಡಿ ಸ್ವಲ್ಪ ಕಡಿಮೆ ಮಾಡುತ್ತಾರೆ. ಪ್ರೋಟೀನ್ 21%ರಿಂದ 20%ಕ್ಕೆ ಇಳಿದರೆ ಹಿಕ್ಕೆಯಲ್ಲಿ ಹೋಗುವ ಸಾರಜನಕ ಸುಮಾರು 10% ಕಡಿಮೆಯಾಗುತ್ತದೆ. ಜೊತೆಗೆ ಫೈಟೇಸ್, ಪ್ರೋಟಿಯೇಸ್‌ನಂಥ ಕಿಣ್ವ ಹಾಕಿದರೆ ಅದೇ ಕಾಳಿನಿಂದ ಜಾಸ್ತಿ ಸತ್ವ ಸಿಗುತ್ತದೆ.

ಇದು ಫೀಡ್ ಮಿಲ್‌ನಲ್ಲಿ ಕೂತ ಪೌಷ್ಟಿಕ ತಜ್ಞರ ಕೆಲಸ. ರೈತರು ತಾವಾಗಿಯೇ ಫೀಡ್‌ಗೆ ಏನನ್ನೂ ಬೆರೆಸಬೇಡಿ.

ಸೋಯಾ, ಮೆಕ್ಕೆಜೋಳದ ಬದಲು ಬೇರೆ ಏನಿದೆ?

ಸೂರ್ಯಕಾಂತಿ ಹಿಂಡಿ, ಶೇಂಗಾ ಹಿಂಡಿ, ಅಕ್ಕಿ ತೌಡು ಮೊದಲಿಂದಲೂ ಒಂದು ಮಿತಿಯಲ್ಲಿ ಬಳಕೆಯಲ್ಲಿವೆ. ಈಗ ಎಥೆನಾಲ್ ಕಾರ್ಖಾನೆಗಳು ಮೆಕ್ಕೆಜೋಳ ಕೊಳ್ಳುತ್ತಿರುವುದರಿಂದ ಅಲ್ಲಿ ಉಳಿಯುವ ಒಣ ಚರಟ, ಅಂದರೆ ಡಿಡಿಜಿಎಸ್, ಬಹಳ ಸಿಗುತ್ತಿದೆ. ಪ್ರೋಟೀನ್ ಚೆನ್ನಾಗಿದೆ. ಆದರೆ ಕಾಳಿನಲ್ಲಿ ಬೂಷ್ಟಿನ ವಿಷ ಇದ್ದರೆ ಚರಟದಲ್ಲಿ ಅದು ಸುಮಾರು ಮೂರು ಪಟ್ಟು ಗಟ್ಟಿಯಾಗುತ್ತದೆ. ಪರೀಕ್ಷೆ ಮಾಡಿಸದೆ ಬಳಸಬಾರದು. ಕಪ್ಪು ಸೈನಿಕ ನೊಣದ ಹುಳು ಸಾಕಿ ಪ್ರೋಟೀನ್ ಮಾಡುವ ಪ್ರಯತ್ನಗಳೂ ಇವೆ. ಹೋಟೆಲ್, ತರಕಾರಿ ಮಾರುಕಟ್ಟೆಯ ಕಸದ ಮೇಲೆ ಬೆಳೆಸಿದರೆ ಅದರಲ್ಲಿ ಅರ್ಥವಿದೆ.

ಬೆಳಗ್ಗೆ ಶೆಡ್ ಒಳಗೆ ಹೋದರೆ ಕಣ್ಣು ಉರಿಯುತ್ತೆ. ಇದಕ್ಕೂ ಹವಾಮಾನಕ್ಕೂ ಸಂಬಂಧ ಇದೆಯಾ?

ಇದೆ. ಕಣ್ಣು ಉರಿಸುವುದು ಅಮೋನಿಯಾ. ಅದು ತಾನೇ ಹಸಿರುಮನೆ ಅನಿಲ ಅಲ್ಲ. ಆದರೆ ಗಾಳಿಯಲ್ಲಿ ಹೋಗಿ ಬೇರೆ ನೆಲದ ಮೇಲೆ ಇಳಿದಾಗ ಅದರ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ. ಅಮೋನಿಯಾ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ದಾಟಿದರೆ ಕೋಳಿಯ ಉಸಿರಾಟಕ್ಕೂ ಕಣ್ಣಿಗೂ ಏಟು, ಬೆಳವಣಿಗೆ ಕುಂಠಿತ. ಮತ್ತೆ ಎಫ್‌ಸಿಆರ್ ಕೆಡುತ್ತದೆ. ದಿನವೂ ಆ ಗಾಳಿ ಕುಡಿಯುವ ನಿಮ್ಮ ಎದೆಗೂ ಒಳ್ಳೆಯದಲ್ಲ.

ಮೂಲ ಕಾರಣ ಒದ್ದೆ ಲಿಟ್ಟರ್, ಅಂದರೆ ಹಿಕ್ಕೆ ಬೆರೆತ ಹಾಸು ಹೊಟ್ಟು. ಒಂದು ಹಿಡಿ ಲಿಟ್ಟರ್ ತೆಗೆದುಕೊಂಡು ಮುಷ್ಟಿಯಲ್ಲಿ ಬಿಗಿಯಾಗಿ ಒತ್ತಿ, ಕೈ ಬಿಡಿಸಿ. ಉಂಡೆ ಹಾಗೇ ನಿಂತರೆ ನೀರು ಜಾಸ್ತಿ. ಉಂಡೆ ಕಟ್ಟಿ, ಬೆರಳು ತಾಗಿಸಿದರೆ ಉದುರಿದರೆ ಸರಿಯಾಗಿದೆ. ಉಂಡೆಯೇ ಕಟ್ಟದಿದ್ದರೆ ತುಂಬಾ ಒಣಗಿ ದೂಳೇಳುತ್ತದೆ. ಕೋಳಿ ನೀರು ಕುಡಿಯುವ ನಿಪ್ಪಲ್ ಸಾಲಿನ ಕೆಳಗೆ, ಶೆಡ್‌ನ ಮೂಲೆಗಳಲ್ಲಿ, ಮಳೆಯ ಎರಚಲು ಬೀಳುವ ಬದಿಯಲ್ಲಿ ಬೇರೆ ಬೇರೆಯಾಗಿ ನೋಡಿ.

ತೊಟ್ಟಿಕ್ಕುವ ನಿಪ್ಪಲ್ ಅದೇ ದಿನ ಬದಲಿಸಿ. ತೆರೆದ ಡ್ರಿಂಕರ್ ಇನ್ನೂ ಇದ್ದರೆ ನಿಪ್ಪಲ್‌ಗೆ ಬದಲಾಯಿಸುವುದು ನಾನು ಮೊದಲು ಹೇಳುವ ಖರ್ಚು. ಲಿಟ್ಟರನ್ನು ದಿನ ಬಿಟ್ಟು ದಿನವಾದರೂ ಕೆದಕಿ, ಗಟ್ಟಿಯಾದ ಹೆಪ್ಪುಗಳನ್ನು ಹೊರಗೆ ಹಾಕಿ. ಹೊಟ್ಟಿನ ಬೆಲೆ ಏರಿದೆ ಅಂತ ತೆಳ್ಳಗೆ ಹರಡಿದರೆ ಮೂರನೇ ವಾರಕ್ಕೇ ಕೆಸರಾಗುತ್ತದೆ. ಚಳಿಗೆ ಹೆದರಿ ಪರದೆಯನ್ನು ಪೂರ್ತಿ ಮುಚ್ಚುವ ರೂಢಿ ಮಲೆನಾಡಿನ ಕಡೆ ಜಾಸ್ತಿ. ಮೇಲ್ಭಾಗದಲ್ಲಿ ಒಂದು ಅಡಿಯಾದರೂ ಗಾಳಿಗೆ ಬಿಡಿ.

ಬ್ರೂಡಿಂಗ್‌ಗೆ, ಅಂದರೆ ಮರಿಗಳನ್ನು ಬೆಚ್ಚಗಿಡಲು, ಇದ್ದಿಲು, ಗ್ಯಾಸ್, ಕರೆಂಟು. ಯಾವುದು ಒಳ್ಳೆಯದು?

ಒಂದು ಕೆ.ಜಿ. ಅಡುಗೆ ಗ್ಯಾಸ್ ಉರಿದರೆ ಸುಮಾರು 3 ಕೆ.ಜಿ. ಕಾರ್ಬನ್ ಡೈಆಕ್ಸೈಡ್. 19 ಕೆ.ಜಿ. ಸಿಲಿಂಡರ್‌ಗೆ 57 ಕೆ.ಜಿ. ಆಯಿತು. ಗ್ರಿಡ್ ಕರೆಂಟು ದೇಶದ ಸರಾಸರಿಯಲ್ಲಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇದ್ದಿಲು ಅಗ್ಗ ಅನ್ನಿಸುತ್ತದೆ. ಆದರೆ ಯಾವ ಮರದಿಂದ ಬಂತು ಅನ್ನುವುದು ಗೊತ್ತಿರುವುದಿಲ್ಲ, ಮುಚ್ಚಿದ ಶೆಡ್‌ನಲ್ಲಿ ಕಾರ್ಬನ್ ಮೋನಾಕ್ಸೈಡ್ ಅಪಾಯ ಬೇರೆ. ನನ್ನ ಆಯ್ಕೆ ಗ್ಯಾಸ್ ಬ್ರೂಡರ್. ಬಿಸಿ ಹತೋಟಿಯಲ್ಲಿರುತ್ತದೆ.

ಇಂಧನಕ್ಕಿಂತ ಮುಖ್ಯ, ಬಿಸಿ ಸೋರದ ಹಾಗೆ ನೋಡಿಕೊಳ್ಳುವುದು. ಪೂರ್ತಿ ಶೆಡ್ ಬಿಸಿ ಮಾಡುವ ಬದಲು ಒಂದು ಭಾಗವನ್ನು ಪರದೆಯಿಂದ ಬೇರೆ ಮಾಡಿ. ಮರಿ ಬರುವ ಮೊದಲೇ ಹೊಟ್ಟು ಬೆಚ್ಚಗಿರಲಿ. ಮರಿಗಳು ಬ್ರೂಡರ್ ಕೆಳಗೆ ಗುಂಪು ಕಟ್ಟಿ ಚೀಂಗುಡುತ್ತಿದ್ದರೆ ಚಳಿ. ದೂರ ಹೋಗಿ ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ. ಎಲ್ಲ ಕಡೆ ಹರಡಿಕೊಂಡು ತಿನ್ನುತ್ತಿದ್ದರೆ ಮುಟ್ಟಲು ಹೋಗಬೇಡಿ.

ಬೆಳಕಿಗೆ ಇನ್ನೂ 60 ವ್ಯಾಟ್ ಬಲ್ಬ್ ಇದ್ದರೆ 9 ವ್ಯಾಟ್ ಎಲ್‌ಇಡಿ ಹಾಕಿ. 40 ಬಲ್ಬ್, ದಿನಕ್ಕೆ 10 ಗಂಟೆ, 35 ದಿನ ಅಂದರೆ ಒಂದು ಬ್ಯಾಚ್‌ಗೆ 700 ಯೂನಿಟ್ ಉಳಿಯುತ್ತದೆ. ಸುಮಾರು ಅರ್ಧ ಟನ್ ಕಾರ್ಬನ್ ಡೈಆಕ್ಸೈಡ್.

ಬೇಸಿಗೆಯಲ್ಲಿ ಕೋಳಿ ಸಾಯುವುದನ್ನು ಇದರಲ್ಲಿ ಹೇಗೆ ಲೆಕ್ಕ ಹಾಕುತ್ತೀರಿ?

ಐದನೇ ವಾರದಲ್ಲಿ ಸತ್ತ ಕೋಳಿ ಅಷ್ಟು ಹೊತ್ತಿಗೆ ಹತ್ತಿರ ಹತ್ತಿರ 3 ಕೆ.ಜಿ. ಫೀಡ್ ತಿಂದಿರುತ್ತದೆ. ಏಪ್ರಿಲ್ ಬಿಸಿಲಿಗೆ 300 ಕೋಳಿ ಬಿದ್ದರೆ ಸುಮಾರು 900 ಕೆ.ಜಿ. ಫೀಡ್ ಮಣ್ಣುಪಾಲು. ಆ ಫೀಡ್‌ನ ಹಿಂದಿರುವ ಯೂರಿಯಾ, ಡೀಸೆಲ್, ಕರೆಂಟು ಎಲ್ಲ ದಂಡ. ಒಂದು ತುಂಡು ಮಾಂಸ ಸಿಗಲಿಲ್ಲ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಡಿನ ಮೇಲೆ ಬಿಳಿ ಸುಣ್ಣ, ಇಲ್ಲಾ ತೆಂಗಿನ ಗರಿ. ಮಧ್ಯಾಹ್ನ ಮಾಡಿಗೆ ನೀರು. ಫೀಡ್ ಬೆಳಗಿನ ಜಾವ ಮತ್ತು ಸಂಜೆ ತಂಪಿನಲ್ಲಿ ಕೊಡಿ, ಬಿಸಿಲಿನ ಹೊತ್ತು ಫೀಡರ್ ಮೇಲೆತ್ತಿ. ನೀರಿನ ಟ್ಯಾಂಕ್, ಪೈಪಿಗೆ ನೆರಳಿರಲಿ. ಒಂದು ಕೋಳಿಗೆ ಒಂದು ಚದರ ಅಡಿ ಅನ್ನುವ ರೂಢಿ ಬೇಸಿಗೆಗೆ ಸಾಲದು. ಮರಿಗಳ ಸಂಖ್ಯೆಯನ್ನೇ ಕಡಿಮೆ ಮಾಡಿ ಅಂತ ಸೂಪರ್‌ವೈಸರ್ ಹತ್ತಿರ ಕೇಳಿ.

ಇಸಿ ಶೆಡ್ (ಒಳಗಿನ ಬಿಸಿ, ಗಾಳಿಯನ್ನು ಹತೋಟಿಯಲ್ಲಿಡುವ ಮುಚ್ಚಿದ ಶೆಡ್) ಕಟ್ಟಿದರೆ ಕರೆಂಟ್ ಜಾಸ್ತಿ ಬೇಕು. ಅದು ಹವಾಮಾನಕ್ಕೆ ಕೆಟ್ಟದ್ದಲ್ವಾ?

ಫ್ಯಾನ್, ಕೂಲಿಂಗ್ ಪ್ಯಾಡ್‌ಗೆ ಕರೆಂಟು ಬೇಕೇ ಬೇಕು. ಆದರೆ ಸಾವು ಕಡಿಮೆ, ಎಫ್‌ಸಿಆರ್ ಉತ್ತಮ. ಫೀಡ್‌ನಲ್ಲಿ ಉಳಿಯುವುದು ಕರೆಂಟಿನಲ್ಲಿ ಹೋಗುವುದಕ್ಕಿಂತ ಜಾಸ್ತಿಯಾದರೆ ಲೆಕ್ಕ ಗೆಲ್ಲುತ್ತದೆ. ಸೋಲಾರ್‌ಗೆ ಸರಿಯಾದ ಜಾಗ ಇದೇ, ಯಾಕೆಂದರೆ ಫ್ಯಾನ್ ಜೋರಾಗಿ ತಿರುಗುವ ಹೊತ್ತೂ ಬಿಸಿಲಿನ ಹೊತ್ತೂ ಒಂದೇ. ಸಾಲ ಮಾಡಿ ಕಟ್ಟುವ ಮೊದಲು ಕಂಪನಿ ಎಷ್ಟು ವರ್ಷ ಮರಿ ಕೊಡುತ್ತದೆ ಅನ್ನುವುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಬ್ಯಾಚ್ ಮುಗಿದ ಮೇಲೆ ಗೊಬ್ಬರವನ್ನು ಏನು ಮಾಡಬೇಕು?

ಕೋಳಿ ಗೊಬ್ಬರ ಅಡಿಕೆ, ಶುಂಠಿ, ಕಾಫಿ ತೋಟಕ್ಕೆ ಲಾರಿಗಟ್ಟಲೆ ಹೋಗುತ್ತದೆ. ತೊಂದರೆ ಆಗುವುದು ಶೆಡ್ ಹಿಂದೆ, ಇಲ್ಲಾ ತೋಟದ ಬದಿಯಲ್ಲಿ ಮಳೆಗೆ ನೆನೆಯುತ್ತಾ ರಾಶಿ ಬಿದ್ದಿರುವಾಗ. ಒಳಗೆ ಗಾಳಿಯಾಡದೆ ಮೀಥೇನ್, ಅರೆ ಒದ್ದೆ ಜಾಗದಲ್ಲಿ ನೈಟ್ರಸ್ ಆಕ್ಸೈಡ್, ಮೇಲಿಂದ ಅಮೋನಿಯಾ. ಉಳಿದ ಸತ್ವ ನೀರಿನ ಜೊತೆ ಹಳ್ಳಕ್ಕೆ.

ಎತ್ತರದ ಜಾಗದಲ್ಲಿ ರಾಶಿ ಹಾಕಿ, ಟಾರ್ಪಾಲಿನ್ ಹೊದಿಸಿ. ಕಾಂಪೋಸ್ಟ್ ಮಾಡುವುದಾದರೆ ಒಣ ಎಲೆ, ತೆಂಗಿನ ನಾರಿನ ಪುಡಿ ಬೆರೆಸಿ, ರಾಶಿ ಬಿಸಿಯೇರಿ ಇಳಿಯುತ್ತಿದ್ದ ಹಾಗೆ ತಿರುವಿ ಹಾಕಿ. ಹೊಲಕ್ಕೆ ಹಾಕಿದ ಮೇಲೆ ಬೇಗ ಮಣ್ಣಿನಲ್ಲಿ ಸೇರಿಸಿ. ಒಂದು ಟನ್ ಒಣ ಲಿಟ್ಟರ್‌ನಲ್ಲಿ 25ರಿಂದ 30 ಕೆ.ಜಿ. ಸಾರಜನಕ ಇರುತ್ತದೆ, ಒಂದು ಮೂಟೆ ಯೂರಿಯಾಕ್ಕಿಂತ ಜಾಸ್ತಿ. ಮೊದಲ ಬೆಳೆಗೆ ಸಿಗುವುದು ಅರ್ಧದಷ್ಟು. ಈ ಗೊಬ್ಬರ ಹಾಕಿದ ಮೇಲೂ ಯೂರಿಯಾ ಮೊದಲಿನಷ್ಟೇ ಸುರಿದರೆ ಅನಿಲ ಕಡಿಮೆಯಾಗುವ ಬದಲು ಏರುತ್ತದೆ. ಗೊಬ್ಬರ ಕೊಳ್ಳುವ ರೈತರಿಗೆ ಈ ಮಾತು ಹೇಳಿ.

ಇದರಿಂದ ಬಯೋಗ್ಯಾಸ್ ಆಗುತ್ತಾ?

ಮೊಟ್ಟೆ ಕೋಳಿಯ ಹಿಕ್ಕೆಗೆ ಚೆನ್ನಾಗಿ ಒಗ್ಗುತ್ತದೆ. ಬ್ರಾಯ್ಲರ್ ಲಿಟ್ಟರ್‌ನಲ್ಲಿ ಭತ್ತದ ಹೊಟ್ಟೇ ಜಾಸ್ತಿ, ಅದು ಸುಲಭಕ್ಕೆ ಕೊಳೆಯುವುದಿಲ್ಲ. ಅಮೋನಿಯಾ ಹೆಚ್ಚಾದರೆ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳೂ ಸೋಲುತ್ತವೆ. ಸಗಣಿ ಜೊತೆ ಸ್ವಲ್ಪ ಬೆರೆಸಬಹುದು, ಅಷ್ಟೇ.

ನಾಟಿ ಕೋಳಿ ಸಾಕಿದರೆ ಅನಿಲ ಕಡಿಮೆ ಅಲ್ವಾ?

ಹಿತ್ತಲಲ್ಲಿ ಹತ್ತು ಕೋಳಿ, ಹುಳ ಹುಪ್ಪಟೆ, ಅಡುಗೆಮನೆಯ ಮಿಕ್ಕಿದ್ದು ತಿಂದು ಬೆಳೆದರೆ ಹೌದು. ಕೊಂಡ ಫೀಡ್ ಇಲ್ಲ, ಹಾಗಾಗಿ ಅದರ ಅನಿಲವೂ ಇಲ್ಲ. ಅದೇ ನಾಟಿ ಕೋಳಿಯನ್ನು ಶೆಡ್‌ನಲ್ಲಿ ಕೂಡಿ ಚೀಲದ ಫೀಡ್ ಹಾಕಿ ತಿಂಗಳುಗಟ್ಟಲೆ ಬೆಳೆಸಿದರೆ ಕೆ.ಜಿ. ಮಾಂಸಕ್ಕೆ ಬ್ರಾಯ್ಲರ್‌ಗಿಂತ ಬಹಳ ಜಾಸ್ತಿ ಫೀಡ್ ಹಿಡಿಯುತ್ತದೆ. ರುಚಿ, ಕೋಳಿಯ ನೆಮ್ಮದಿ ಬೇರೆ ವಿಷಯ, ಅವಕ್ಕೂ ಬೆಲೆ ಇದೆ. ಅನಿಲದ ಲೆಕ್ಕದಲ್ಲಿ ಮಾತ್ರ ಗೆಲ್ಲುವುದಿಲ್ಲ.

ಕಾರ್ಬನ್ ಕ್ರೆಡಿಟ್ ಅಂತ ದುಡ್ಡು ಬರುತ್ತಾ?

ಕಾರ್ಬನ್ ಕ್ರೆಡಿಟ್ ಅಂದರೆ ಕಡಿಮೆ ಮಾಡಿದ ಅನಿಲವನ್ನು ಲೆಕ್ಕ ಹಾಕಿ ಮಾರುವುದು. ಒಂದೇ ಶೆಡ್ ಇರುವ ರೈತರು ಇದನ್ನು ನಂಬಿ ಖರ್ಚು ಮಾಡಬೇಡಿ. ಕೇಂದ್ರ ಸರ್ಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆ ಪ್ರಕಟಿಸಿದೆ. ಆದರೆ ಅಳೆಯುವ, ತಪಾಸಣೆ ಮಾಡಿಸುವ ಖರ್ಚೇ ಸಣ್ಣ ಶೆಡ್‌ನ ಉಳಿತಾಯವನ್ನು ನುಂಗುತ್ತದೆ. ಮುಂಗಡ ಹಣ ಕೇಳಿಕೊಂಡು ಬಂದವರನ್ನು ಬಾಗಿಲಿಂದಲೇ ಕಳಿಸಿ.

ಸರಿಯಾದ ಸಲಹೆ ಎಲ್ಲಿ ಸಿಗುತ್ತೆ?

ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಫೀಡ್ ವಿಷಯಕ್ಕೆ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ.

ಕಂಪನಿ ಹತ್ತಿರ ನಾವು ಏನು ಕೇಳಬೇಕು?

ಮೊದಲನೆಯದು, ಫೀಡ್‌ನಲ್ಲಿ ಏನಿದೆ ಅನ್ನುವ ವಿವರ: ಪ್ರೋಟೀನ್ ಎಷ್ಟು, ಹಿಂಡಿ ಎಲ್ಲಿಯದು, ಬೂಷ್ಟಿನ ವಿಷದ ಪರೀಕ್ಷೆ ಮಾಡಿಸಿದ್ದಾರಾ. ಮುಕ್ಕಾಲು ಪಾಲಿಗಿಂತ ಜಾಸ್ತಿ ಅನಿಲ ಇರುವುದು ಅವರು ಕಳಿಸುವ ಚೀಲದಲ್ಲಿ. ಅದರ ಜವಾಬ್ದಾರಿಯೂ ಅವರದ್ದೇ. ಬ್ಯಾಚ್ ಕೆಟ್ಟಾಗಲೆಲ್ಲ ರೈತನ ಸಾಕಣೆಯನ್ನೇ ದೂರುವುದು ಸರಿಯಲ್ಲ. ಎರಡನೆಯದು, ನೀವು ನಿಪ್ಪಲ್, ಎಲ್‌ಇಡಿ, ಮಾಡಿನ ಸುಣ್ಣಕ್ಕೆ ಹಾಕಿದ ದುಡ್ಡಿನಿಂದ ಉಳಿದ ಫೀಡ್ ಕಂಪನಿಯ ಲೆಕ್ಕದಲ್ಲಿ ಉಳಿಯುತ್ತದೆ. ಅದರಲ್ಲಿ ನ್ಯಾಯವಾದ ಪಾಲು ಗ್ರೋಯಿಂಗ್ ಚಾರ್ಜ್‌ನಲ್ಲಿ ಕಾಣಬೇಕು. ಒಬ್ಬೊಬ್ಬರೇ ಕೇಳಿದರೆ ಮುಂದಿನ ಬ್ಯಾಚ್‌ಗೆ ಮರಿ ತಡವಾಗಬಹುದು ಅನ್ನುವ ಭಯ ಎಲ್ಲರಿಗೂ ಇದೆ. ಹಾಗಾಗಿ ಒಂದೇ ಕಂಪನಿಗೆ ಸಾಕುವ ಸುತ್ತಲಿನ ಹತ್ತು ಹದಿನೈದು ಜನ ಸೇರಿ, ಪ್ರತಿ ಬ್ಯಾಚ್‌ನ ಎಫ್‌ಸಿಆರ್ ಮತ್ತು ಫೀಡ್ ಲೆಕ್ಕ ಬರೆದಿಟ್ಟುಕೊಂಡು, ಆ ಪುಸ್ತಕ ಮುಂದಿಟ್ಟು ಒಟ್ಟಿಗೆ ಕೇಳಿ.